ಹಿಂದಿನ ಎಡ ಚಕ್ರದ ಸದ್ದು

ಮನುಷ್ಯರನ್ನು ಕೆರಳಿಸುವುದಕ್ಕೆ ಬೈಗುಳವೇ ಬೇಕೆಂದಿಲ್ಲ. ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ನೀವು ಹೇಳುತ್ತೀರಿ. ಪಕ್ಕದಲ್ಲಿ ಪತ್ರಿಕೆ ಓದುತ್ತಿರುವವರು ತಲೆಯೆತ್ತಿ, ಒಂದೆರಡು ಕ್ಷಣ ಕಿವಿಗೊಟ್ಟಂತೆ ಮುಖ ಮಾಡಿ, "ನನಗೇನೂ ಕೇಳಿಸ್ತಿಲ್ಲವಲ್ಲ" ಎಂದು ಮತ್ತೆ ಪತ್ರಿಕೆಯೊಳಕ್ಕೆ ಮುಳುಗುತ್ತಾರೆ. ಅಷ್ಟು ಸಾಕು. ಈ ವಾಕ್ಯದ ವ್ಯಾಕರಣವನ್ನು ಸ್ವಲ್ಪ ಗಮನಿಸಿ. ಮೇಲ್ನೋಟಕ್ಕೆ ಅದು ಹೇಳುವವರ ಕಿವಿಯ ದೌರ್ಬಲ್ಯವನ್ನು ವಿನಯದಿಂದ ಒಪ್ಪಿಕೊಳ್ಳುವ ಮಾತು. ಒಳಾರ್ಥದಲ್ಲಿ ಮಾತ್ರ ಕೇಳಿದವರ ತಲೆಯ ಮೇಲೆ ಕೊಟ್ಟ ತೀರ್ಪು. ಕೊನೆಯಲ್ಲಿ ಅಂಟಿಕೊಂಡಿರುವ ಆ "ಅಲ್ಲ" ಇದೆಯಲ್ಲ, ಅದು ನಲ್ಲಿಯನ್ನು ನಿಲ್ಲಿಸಲಾರದಿದ್ದರೂ ನಿಮ್ಮನ್ನು ನಿಲ್ಲಿಸಿಬಿಡುತ್ತದೆ. ಋಷಿಗಳು ಕೇಳಿಸಿಕೊಂಡದ್ದು ಶ್ರುತಿಯಾಯಿತು, ಯುಗಯುಗಗಳಿಗೆ ಪ್ರಮಾಣವೂ ಆಯಿತು. ಗೃಹಿಣಿ ಕೇಳಿಸಿಕೊಂಡದ್ದು ಮಾತ್ರ ಭ್ರಾಂತಿ. ಋಷಿಗಳ ಪಕ್ಕದಲ್ಲಿ ಪತ್ರಿಕೆ ಓದುವವರು ಯಾರೂ ಕೂತಿರಲಿಲ್ಲವೆಂಬುದು ಅವರ ಪುಣ್ಯ.

ನನಗೆ ಈ ವಾಕ್ಯದ ಮೇಲೆ ಹಗೆ ಹುಟ್ಟಿದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಕಲ್ಕತ್ತೆಯಲ್ಲಿ. ನಾನು ಧಾರವಾಡದವಳು, ಕೈ ಹಿಡಿದದ್ದು ಮೈಸೂರಿನವರನ್ನು, ಸಂಸಾರ ಹೂಡಿದ್ದು ಲೇಕ್ ಗಾರ್ಡನ್ಸ್ ರೈಲುಹಳಿಯ ಪಕ್ಕದ ಎರಡನೆಯ ಮಹಡಿಯಲ್ಲಿ. ನನ್ನ ಗಂಡ ರಾಘವ ಸೆಣಬಿನ ನಾರಿನ ಬಗ್ಗೆ ಸಂಶೋಧನೆ ನಡೆಸುವ ಒಂದು ಸಂಸ್ಥೆಯಲ್ಲಿದ್ದರು. ನಾನು ಒಂದು ಕಾಲೇಜಿನ ಧ್ವನಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಅಂದರೆ ಕೇಳುವುದೇ ನನ್ನ ವೃತ್ತಿಯಾಗಿತ್ತು. ಸದ್ದನ್ನು ಹಿಡಿದು, ಅಳೆದು, ಅದರ ಗೋತ್ರಪ್ರವರಗಳನ್ನು ಬರೆದಿಡುವುದಕ್ಕೆ ಸರ್ಕಾರ ನನಗೆ ತಿಂಗಳುತಿಂಗಳು ಸಂಬಳ ಕೊಡುತ್ತಿತ್ತು. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ವರ್ಷ ನನ್ನ ಸುತ್ತಲಿದ್ದ ಯಾರೊಬ್ಬರೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ.

ನಮ್ಮಲ್ಲೊಂದು ಕಾರಿತ್ತು. ಯಾರೋ ಚಹಾ ವ್ಯಾಪಾರಿಯ ಕೈಯಿಂದ ಇನ್ನಾರದೋ ಕೈಗೆ ದಾಟಿ ನಮ್ಮ ಕೈಗೆ ಬಂದಿದ್ದ ದುಂಡು ಬೆನ್ನಿನ ವಾಹನ. ಅದರ ಸರ್ವಾಂಗಗಳೂ ಶಬ್ದಾಯಮಾನವಾಗಿದ್ದವೆಂದು ಒಪ್ಪಿಕೊಳ್ಳುತ್ತೇನೆ. ಬಾಗಿಲು ಕಿರುಗುಟ್ಟುತ್ತಿತ್ತು, ಬಾನೆಟ್ಟು ಅದುರುತ್ತಿತ್ತು, ಗೇರು ಬದಲಿಸುವಾಗ ಹಳೆಯ ಪರಿಚಯದವರು ಕೆಮ್ಮಿದಂತಾಗುತ್ತಿತ್ತು. ಅವೆಲ್ಲ ನನಗೆ ಗೊತ್ತಿದ್ದ ಸದ್ದುಗಳು, ಮನೆಮಂದಿಯ ಧ್ವನಿಗಳಿದ್ದ ಹಾಗೆ. ಒಂದು ಸಂಜೆ ಟಾಲಿಗಂಜ್ ಕಡೆಯಿಂದ ಬರುವಾಗ ಕಾರು ಬಲಕ್ಕೆ ತಿರುಗಿದಾಗ ಹಿಂದಿನಿಂದ, ಎಡಗಡೆಯಿಂದ, ಹೊಸಬರೊಬ್ಬರು ಮಾತಾಡಿದರು. ಸಣ್ಣಗೆ ಗುರುಗುಟ್ಟುವ ಸದ್ದು, ಅದರ ಹೊಟ್ಟೆಯೊಳಗೆ ಒಂದೇ ಅಂತರದಲ್ಲಿ ಟಕ್ ಟಕ್ ಎಂಬ ಇನ್ನೊಂದು ಸದ್ದು. ನೇರ ರಸ್ತೆಗೆ ಬಂದರೆ ಕ್ಷೀಣ, ಎಡಕ್ಕೆ ತಿರುಗಿದರೆ ಮಾಯ, ಮತ್ತೆ ಬಲಕ್ಕೆ ಹೊರಳಿದರೆ ಪ್ರತ್ಯಕ್ಷ.

ರಾಘವರಿಗೆ ಹೇಳಿದೆ. ಅವರು ಆ ಸುಪ್ರಸಿದ್ಧ ವಾಕ್ಯವನ್ನು ಹೇಳಿದರು. ಮರುದಿನ ಮತ್ತೆ ಹೇಳಿದೆ, ಅವರೂ ಮತ್ತೆ ಹೇಳಿದರು. ಟ್ರಾಮಿನ ಗಂಟೆ, ಬಸ್ಸಿನ ಹಾರನ್ನು, ಮೆರವಣಿಗೆಯ ಘೋಷಣೆ, ಬೀದಿಬೀದಿಯ ಧ್ವನಿವರ್ಧಕಗಳ ನಡುವೆ ಬದುಕುವ ಕಲ್ಕತ್ತೆಯ ಕಿವಿ ದೊಡ್ಡ ಸದ್ದುಗಳನ್ನು ಕ್ಷಮಿಸುವುದನ್ನು ಕಲಿತು, ಕ್ರಮೇಣ ಸಣ್ಣ ಸದ್ದುಗಳನ್ನು ಅನುಭವಿಸುವುದನ್ನೇ ಮರೆತಿರುತ್ತದೆ ಎಂದು ಸಮಾಧಾನ ತಂದುಕೊಂಡೆ. ಆದರೆ ಅದೇ ಮಹಾಶಯರಿಗೆ ಪಕ್ಕದ ಕೋಣೆಯಲ್ಲಿ ನಾನು ಒಗ್ಗರಣೆಗೆ ಸಾಸಿವೆ ಹಾಕಿದ ಸದ್ದು ಪತ್ರಿಕೆಯನ್ನು ಭೇದಿಸಿ ಕೇಳಿಸುತ್ತಿತ್ತು. ಆಗ ಸಮಾಧಾನ ಹೋಯಿತು.

ಕಾರನ್ನು ಘೋಷಾಲ್ ಬಾಬುಗಳ ಗ್ಯಾರೇಜಿಗೆ ಒಯ್ದೆವು. ಶುಭ್ರವಾದ ಧೋತಿಯುಟ್ಟು ಕುರ್ಚಿಯಲ್ಲಿ ಕೂತೇ ಇಡೀ ಗ್ಯಾರೇಜನ್ನು ನಡೆಸುತ್ತಿದ್ದ ಹಿರಿಯರು ಅವರು. ನನ್ನನ್ನು ಬೌದಿ ಎಂದು, ಅಂದರೆ ಅತ್ತಿಗೆಯೆಂದು, ಬಹಳ ಗೌರವದಿಂದ ಕರೆದು, ಹಿಂದಿನ ಸೀಟಿನಲ್ಲಿ ಕೂರಿಸಿ, ತಾವೇ ಕಾರನ್ನು ಒಂದು ಸುತ್ತು ಓಡಿಸಿದರು. ಸುತ್ತು ಮುಗಿಯುವವರೆಗೂ ಅವರು ಒಂದು ಕ್ಷಣವೂ ಮಾತು ನಿಲ್ಲಿಸಲಿಲ್ಲ. ಹಿಲ್ಸಾ ಮೀನಿನ ಬೆಲೆಯಿಂದ ಹಿಡಿದು ದೇಶದ ಅಧೋಗತಿಯವರೆಗೆ ಎಲ್ಲವನ್ನೂ ವಿವರಿಸಿ, ಕಾರು ನಿಲ್ಲಿಸಿ, ಏನೂ ಸದ್ದಿಲ್ಲ ಬೌದಿ ಎಂದರು. ನೀವು ಬಾಯಿ ಮುಚ್ಚಿದ್ದರೆ ಕೇಳಿಸುತ್ತಿತ್ತು ಎಂದು ಹೇಳುವಷ್ಟು ಬಂಗಾಳಿ ನನಗೆ ಬರುತ್ತಿತ್ತು. ಹೇಳುವಷ್ಟು ಧೈರ್ಯ ಬರಲಿಲ್ಲ. ಆಮೇಲೆ ಅವರು ರಾಘವರನ್ನು ಪಕ್ಕಕ್ಕೆ ಕರೆದು, ತಗ್ಗಿಸಿದ ದನಿಯಲ್ಲಿ, ಬೌದಿಯವರ ಕಿವಿಯನ್ನು ಒಮ್ಮೆ ತೋರಿಸಿಬಿಡಿ ಎಂದರು. ತಗ್ಗಿಸಿದ ಆ ದನಿ ನನಗೆ ಚೆನ್ನಾಗಿಯೇ ಕೇಳಿಸಿತು.

ನಾನು ಕಿವಿಯನ್ನು ತೋರಿಸಿಕೊಂಡು ಬಂದೆ. ಸಿಟ್ಟಿನಲ್ಲಿ ಮನುಷ್ಯರು ಏನೇನೋ ಮಾಡುತ್ತಾರೆ. ನಾನು ಕಿವಿಯ ವೈದ್ಯರ ಹತ್ತಿರ ಹೋಗಿ, ಅವರು ಮಿಡಿದು ಕಿವಿಯ ಬಳಿ ಹಿಡಿದ ಶ್ರುತಿಕವೆಗಳನ್ನೆಲ್ಲ ಕೇಳಿ, ಕಿವಿಗಳೆರಡೂ ಅತ್ಯುತ್ತಮವಾಗಿವೆ ಎನ್ನಿಸಿಕೊಂಡು ಮನೆಗೆ ಬಂದೆ. ಅದನ್ನು ರಾಘವರಿಗೆ ವಿಜಯೋತ್ಸಾಹದಿಂದ ಹೇಳಿದಾಗ, "ನೋಡು ಮತ್ತೆ, ಕಿವಿ ಅಷ್ಟೊಂದು ಚುರುಕಾಗಿರೋದ್ರಿಂದಲೇ ಇಲ್ಲದ್ದೆಲ್ಲ ಕೇಳಿಸುತ್ತೆ" ಎಂದರು. ನನ್ನ ಸಾಕ್ಷಿಯನ್ನೇ ನನ್ನ ವಿರುದ್ಧ ತಿರುಗಿಸಿದ ಆ ಚಾತುರ್ಯವನ್ನು ಇಂದಿಗೂ ಮೆಚ್ಚುತ್ತೇನೆ. ಕ್ಷಮಿಸಿಲ್ಲ.

ಇಷ್ಟೇ ಆಗಿದ್ದರೆ ನಲ್ಲಿಯ ಹಾಗೆ ಅದನ್ನೂ ಸಹಿಸಿಕೊಳ್ಳುತ್ತಿದ್ದೆನೇನೋ. ಆದರೆ ದುರ್ಗಾಪೂಜೆಯ ರಜೆಗೆ ಮೈಸೂರಿನಿಂದ ರಾಘವರ ಅಕ್ಕ ಪದ್ಮಕ್ಕ ಬರುವವರಿದ್ದರು. ಅವರನ್ನೂ ನಮ್ಮಿಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಇದೇ ಕಾರಿನಲ್ಲಿ ದೀಘಾದ ಸಮುದ್ರತೀರಕ್ಕೆ ಹೋಗಿಬರುವುದೆಂದು ರಾಘವ ತಿಂಗಳುಗಟ್ಟಲೆ ಮುಂಚೆಯೇ ನಿಶ್ಚಯಿಸಿದ್ದರು. ಊರೊಳಗೆ ಆಮೆಯ ಹಾಗೆ ತೆವಳುವಾಗಲೇ ಗುರುಗುಡುವ ಚಕ್ರ, ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ಏನು ಮಾಡೀತೆಂದು ಯೋಚಿಸಿದರೆ ನನಗೆ ಊಟ ಸೇರುತ್ತಿರಲಿಲ್ಲ. ಆ ಸದ್ದು ಏನೆಂದು ತಿಳಿಯುವವರೆಗೂ ನಾನಾಗಲಿ ಮಕ್ಕಳಾಗಲಿ ದೀಘಾಕ್ಕೆ ಕಾರು ಹತ್ತುವುದಿಲ್ಲವೆಂದು ಹೇಳಿಬಿಟ್ಟೆ.

ರಾಘವ ಪತ್ರಿಕೆಯನ್ನು ಮಡಿಚಿಟ್ಟು, "ಅಕ್ಕನ ಜೊತೆ ಹೋಗೋಕೆ ಇಷ್ಟವಿಲ್ಲ ಅಂದ್ರೆ ನೇರವಾಗಿ ಹೇಳು. ಕಾರಿನ ಮೇಲೆ ಯಾಕೆ ಹಾಕ್ತೀಯ?" ಎಂದರು.

ಪದ್ಮಕ್ಕನನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ ಎಂಬುದು ನಿಜವೇ. ಅವರು ಗಾತ್ರದಲ್ಲೂ ಅಭಿಪ್ರಾಯಗಳಲ್ಲೂ ವಿಶಾಲವಾದವರು. ನಮ್ಮ ಮನೆಗೆ ಬಂದರೆ ಮೊದಲ ದಿನವೇ ಅಡುಗೆಮನೆಯ ಡಬ್ಬಿಗಳ ಜಾಗ ಬದಲಾಗುತ್ತಿತ್ತು, ಎರಡನೆಯ ದಿನ ನನ್ನ ಸಾರಿನ ಪುಡಿಗೆ ಪ್ರಾಯಶ್ಚಿತ್ತವಾಗುತ್ತಿತ್ತು. ನನ್ನ ಮಕ್ಕಳು ಅರ್ಧ ಧಾರವಾಡದ, ಅರ್ಧ ಮೈಸೂರಿನ ಕನ್ನಡಕ್ಕೆ ಬಂಗಾಳಿಯ ಮಿಷ್ಟಿಯನ್ನು, ಅಂದರೆ ಸಿಹಿಯನ್ನು, ಬೆರೆಸಿ ಮಾತಾಡುವುದನ್ನು ಕೇಳಿ ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು. ಇಷ್ಟವಿಲ್ಲದಿರುವುದು ನಿಜ, ಸದ್ದು ಇರುವುದೂ ನಿಜ. ಒಂದು ನಿಜವನ್ನು ತೋರಿಸಿ ಇನ್ನೊಂದನ್ನು ಸುಳ್ಳು ಮಾಡಿದರಲ್ಲ, ಆ ಅನ್ಯಾಯಕ್ಕೆ ನನ್ನ ಮೈ ಉರಿದುಹೋಯಿತು.

ಆಗ ನನಗೆ ನನ್ನ ವೃತ್ತಿ ನೆನಪಾಯಿತು. ನಮ್ಮ ಪ್ರಯೋಗಾಲಯದಲ್ಲಿ ಒಂದು ಆಸಿಲೋಸ್ಕೋಪ್ ಇತ್ತು. ಸಣ್ಣ ಮಗುವಿನಷ್ಟು ತೂಕದ ಕಬ್ಬಿಣದ ಪೆಟ್ಟಿಗೆ, ಮುಖದಲ್ಲೊಂದು ದುಂಡನೆಯ ಗಾಜು. ಮೈಕಿನಿಂದ ಬಂದ ಸದ್ದನ್ನು ಅದು ಆ ಗಾಜಿನ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುತ್ತಿತ್ತು. ಕೊಳಲಾದರೆ ನಯವಾದ ಅಲೆ, ಚಪ್ಪಾಳೆಯಾದರೆ ಮುಳ್ಳು. ನಮ್ಮದರಲ್ಲಿ ಎರಡು ಗೆರೆಗಳು ಏಕಕಾಲಕ್ಕೆ ಓಡುತ್ತಿದ್ದವು. ಎರಡು ಮೈಕು ಸಿಕ್ಕಿಸಿದರೆ ಎರಡು ಸದ್ದುಗಳನ್ನು ಒಂದರ ಕೆಳಗೊಂದಿಟ್ಟು ಹೋಲಿಸಬಹುದಿತ್ತು. ಎಡ ಚಕ್ರದ ಬುಡಕ್ಕೊಂದು ಮೈಕು, ಬಲ ಚಕ್ರದ ಬುಡಕ್ಕೊಂದು ಮೈಕು: ಕೇಳಲೊಲ್ಲದವರು ನೋಡಿಯಾದರೂ ನಂಬಲಿ ಎಂದುಕೊಂಡೆ.

ಅನುಮತಿ ಕೇಳಿದರೆ ನಮ್ಮ ಮುಖ್ಯಸ್ಥರು ಕನ್ನಡಕವನ್ನು ಹಣೆಗೇರಿಸಿ, ಅದು ಸಂಶೋಧನೆಯ ಉಪಕರಣ, ಗೃಹಕೃತ್ಯದ್ದಲ್ಲ ಎಂದರು. ಹಿಂದಿನ ಚಳಿಗಾಲದಲ್ಲಿ ತಮ್ಮ ಮನೆಯ ರೇಡಿಯೋ ಗೊರಗೊರ ಎಂದಾಗ ಅದೇ ಉಪಕರಣವನ್ನು ರಿಕ್ಷಾದಲ್ಲಿ ಮನೆಗೆ ತರಿಸಿಕೊಂಡಿದ್ದವರು ಇವರೇ. ರೇಡಿಯೋ ಅವರ ಮನೆಯಲ್ಲಿದ್ದರೂ ವಿಜ್ಞಾನವಂತೆ, ಕಾರು ನಮ್ಮ ಮನೆಯದಾದ್ದರಿಂದ ಗೃಹಕೃತ್ಯವಂತೆ. ರಿಕ್ಷಾದ ಸಂಗತಿಯನ್ನು ನಾನು ಮುಗ್ಧಳಂತೆ ಜ್ಞಾಪಿಸಿದ ಮೇಲೆ ಶನಿವಾರ ಮಧ್ಯಾಹ್ನ ಕಾಲೇಜಿನ ಅಂಗಳದಲ್ಲಿ ಬೇಕಾದರೆ ಮಾಡಿಕೊಳ್ಳಿ ಎಂದರು.

ಪದ್ಮಕ್ಕ ಬಂದಿಳಿದ ವಾರವೇ ಆ ಶನಿವಾರವೂ ಬಂತು. ಅವರು ಮನೆಯಲ್ಲಿ ಡಬ್ಬಿಗಳ ವಿಲೇವಾರಿಯಲ್ಲಿದ್ದರು. ರಾಘವ ಕಾರು ತಂದರು, ಘೋಷಾಲ್ ಬಾಬು ಜ್ಯಾಕಿನಿಂದ ಹಿಂಭಾಗವನ್ನೆತ್ತಿಸಿ ಮರದ ದಿಮ್ಮಿಗಳ ಮೇಲೆ ಕೂರಿಸಿದರು. ಮುಖ್ಯಸ್ಥರು ತಾವೇ ಕುರ್ಚಿ ತರಿಸಿಕೊಂಡು ಕೂತರು. ನಾನು ಸೆರಗು ಸಿಕ್ಕಿಸಿಕೊಂಡು ಕಾರಿನ ಕೆಳಗೆ ತೂರಿ, ಸೈಕಲ್ ಟ್ಯೂಬಿನ ತುಂಡುಗಳಿಂದ ಮೈಕುಗಳನ್ನು ಕಟ್ಟಿ, ತಂತಿಯೆಳೆದು, ಪೆಟ್ಟಿಗೆಗೆ ಸಿಕ್ಕಿಸಿದೆ. ಎಂಜಿನ್ ಹೊತ್ತಿಸಿ ಗೇರು ಹಾಕಿದಾಗ ಹಿಂದಿನ ಚಕ್ರಗಳೆರಡೂ ಗಾಳಿಯಲ್ಲಿ ತಿರುಗತೊಡಗಿದವು. ಗಾಜಿನ ಮೇಲೆ ಎರಡು ಹಸಿರು ಗೆರೆಗಳು ಮೂಡಿದವು.

ಎರಡೂ ಒಂದೇ ಥರ ಇದ್ದವು. ಎರಡೂ ಸಣ್ಣ ಹುಲ್ಲಿನ ಹಾಗೆ ನವುರಾಗಿ, ಸಮವಾಗಿ, ಸಭ್ಯವಾಗಿ ಓಡುತ್ತಿದ್ದವು. ವೇಗ ಹೆಚ್ಚಿಸಿದರೂ ಅಷ್ಟೆ, ಇಳಿಸಿದರೂ ಅಷ್ಟೆ. ನನಗೆ ಕೇಳಿಸಿದ ಸದ್ದು ಇಲ್ಲವೆಂದು ನನ್ನದೇ ಯಂತ್ರ, ನನ್ನದೇ ಕೈಯಿಂದ ಕಟ್ಟಿದ ಮೈಕುಗಳ ಮೂಲಕ, ಮೂವರು ಗಂಡಸರ ಎದುರು ಸಾಕ್ಷಿ ನುಡಿಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಆ ದಿನಗಳ ಕಲ್ಕತ್ತೆಯಲ್ಲಿ ಕರೆಂಟು ಹೋಗುವುದು ಸೂರ್ಯಾಸ್ತದಷ್ಟೇ ಸಹಜ. ಆದರೆ ನನಗೆ ಅದೊಂದೇ ಸಲ ವಿದ್ಯುತ್ ಇಲಾಖೆಯ ಮೇಲೆ ಕೃತಜ್ಞತೆ ಹುಟ್ಟಿತು. ಮುಖ್ಯಸ್ಥರು ಎದ್ದು, ಋಣಾತ್ಮಕ ಫಲಿತಾಂಶವೂ ಫಲಿತಾಂಶವೇ ಎಂದು ಹೊರಟುಹೋದರು. ಘೋಷಾಲ್ ಬಾಬು ಯಂತ್ರಕ್ಕೆ ಕೈ ಮುಗಿದರು. ರಾಘವ ನನ್ನ ಮೇಲೆ ಸಿಟ್ಟಾಗಲಿಲ್ಲ, ನಗಲೂ ಇಲ್ಲ. "ಪರವಾಗಿಲ್ಲ ಬಿಡು, ಆಗುತ್ತೆ" ಎಂದು ಹೆಗಲು ತಟ್ಟಿದರು. ಅವರು ನಕ್ಕಿದ್ದರೆ ಜಗಳವಾಡಬಹುದಿತ್ತು. ಕರುಣೆಯೊಡನೆ ಜಗಳವಾಡುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ಮನೆಗೆ ಮರಳುವಾಗ, ಬಲಕ್ಕೆ ಹೊರಳಿದ ಮೊದಲ ತಿರುವಿನಲ್ಲೇ, ಆ ಸದ್ದು ಹಿಂದಿನಿಂದ ಸ್ಪಷ್ಟವಾಗಿ ಗುರುಗುಟ್ಟಿತು. ನಾನು ಕಿಟಕಿಯಾಚೆ ಹೋಗುತ್ತಿದ್ದ ಟ್ರಾಮುಗಳನ್ನು ಎಣಿಸತೊಡಗಿದೆ.

ಮರುದಿನ ಭಾನುವಾರ, ತಿಂಡಿಯ ಹೊತ್ತು. ರಾಘವ ತಮ್ಮ ಅಕ್ಕನಿಗೆ ಇಡೀ ಪ್ರಹಸನವನ್ನು ಹೇಳುತ್ತಿದ್ದರು. ಕ್ರೂರವಾಗಿಯೇನಲ್ಲ, ಒಳ್ಳೆಯ ಹಾಸ್ಯಗಾರರ ಹಾಗೆ. ಸದ್ದು, ಗ್ಯಾರೇಜು, ಕಿವಿಯ ವೈದ್ಯರು, ದಿಮ್ಮಿಗಳ ಮೇಲಿನ ಕಾರು, ಹೋದ ಕರೆಂಟು. ನಾನು ದೋಸೆ ಹಾಕುತ್ತ ಬೆನ್ನು ತಿರುಗಿಸಿ ನಿಂತಿದ್ದೆ. ಪದ್ಮಕ್ಕನ ನಗುವಿಗಾಗಿ ಕಾಯುತ್ತಿದ್ದೆ. ಅವರದು ಅಡುಗೆಮನೆಯ ಪಾತ್ರೆಗಳು ಅದುರುವಂಥ ನಗು. ಅದು ಬರಲಿಲ್ಲ.

"ನೀನು ನಿನ್ನೆ ಅವಳಿಗೆ ಕೇಳಿಸ್ತೋ ಇಲ್ಲವೋ ಅಂತ ಕೇಳಿದೆಯೇನೋ?" ಎಂದರು ಪದ್ಮಕ್ಕ.

"ಯಂತ್ರಾನೇ ತೋರಿಸಿತಲ್ಲಕ್ಕಾ, ಏನೂ ಇಲ್ಲ ಅಂತ."

"ಯಂತ್ರ ಬಿಡು. ಅವಳನ್ನ ಕೇಳಿದೆಯಾ?" ಎಂದವರು ನನ್ನ ಕಡೆ ತಿರುಗಿದರು. "ಕೇಳಿಸುತ್ತೇನೇ ನಿಂಗೆ?"

"ಕೇಳಸ್ತದ್ರೀ ಅಕ್ಕಾ," ಎಂದೆ. ಅಳು ಬರುವ ಹಾಗಿದ್ದಾಗ ನನ್ನ ಬಾಯಿಗೆ ಧಾರವಾಡ ತಾನೇ ತಾನಾಗಿ ಬರುತ್ತದೆ. "ನಿನ್ನೆ ತಿರುಗಿ ಬರೂವಾಗನೂ ಕೇಳಸ್ತು."

"ಅವಳಿಗೆ ಕೇಳಿಸುತ್ತೆ ಅಂದ್ರೆ ಕೇಳಿಸುತ್ತೆ ಕಣೋ. ಅದು ಏನೂಂತ ಗೊತ್ತಾಗೋವರೆಗೂ ನಾನೂ ಆ ಕಾರು ಹತ್ತಲ್ಲ. ಸಮುದ್ರ ಎಲ್ಲೂ ಓಡಿಹೋಗಲ್ಲ." ಇಷ್ಟು ಹೇಳಿ, ತಟ್ಟೆ ಮುಂದೆ ಮಾಡಿ, ದೋಸೆ ಸ್ವಲ್ಪ ಕೆಂಪಗಾಗಲಿ ಎಂದು ಆಜ್ಞಾಪಿಸಿದರು.

ಓದುಗರೇ, ನಿಮಗೆ ಇದು ಸಣ್ಣ ಸಂಗತಿಯೆನ್ನಿಸಬಹುದು. ಅವರಿಗೆ ಆ ಸದ್ದು ಕೇಳಿಸಿರಲಿಲ್ಲ, ಅವರು ಕಾರಿನಲ್ಲಿ ಸರಿಯಾಗಿ ಕೂತೂ ಇರಲಿಲ್ಲ. ಅಲೆಯಾಗಲಿ ಮುಳ್ಳಾಗಲಿ ಯಾವ ಹಸಿರು ಗೆರೆಯೂ ಅವರಿಗೆ ಬೇಕಾಗಲಿಲ್ಲ. ನನ್ನ ಮಾತೊಂದೇ ಅವರಿಗೆ ಸಾಕಾಯಿತು. ನಾನು ಹೆಂಚಿನ ಮುಂದೆ ನಿಂತು, ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ನಂಬಿದವರು ಬೇರೆ ಯಾರಾದರೂ ಆಗಿದ್ದರೆ ಸಂತೋಷವನ್ನು ಇನ್ನೂ ನಿರಾಳವಾಗಿ ಅನುಭವಿಸಬಹುದಿತ್ತು ಎಂದೂ ಅನ್ನಿಸಿತೆಂದು ಮುಚ್ಚಿಡುವುದಿಲ್ಲ.

ಸಿಟ್ಟು ಇಳಿದ ತಲೆಗೆ ಬುದ್ಧಿ ಹೊಳೆಯುವುದು ಸುಲಭ. ಅದೇ ಮಧ್ಯಾಹ್ನ, ಪದ್ಮಕ್ಕ ಮಂಚದ ಮೇಲೆ ಕೂತಾಗ ಅದು ನರಳಿತು. ಬೇರೆ ಯಾರು ಕೂತಾಗಲೂ ಸುಮ್ಮನಿರುತ್ತಿದ್ದ ಮಂಚ ಅದು. ನಾನು ಇದ್ದಲ್ಲೇ ನಿಂತುಬಿಟ್ಟೆ. ಭಾರ. ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದಾಗ ಚಕ್ರಗಳ ಮೇಲೆ ಭಾರವೇ ಇರಲಿಲ್ಲ. ಭಾರವಿಲ್ಲದ ಚಕ್ರಕ್ಕೆ ನೋವೇನು, ನರಳಾಟವೇನು? ಕಾರು ಬಲಕ್ಕೆ ತಿರುಗಿದಾಗ ಅದರ ತೂಕವೆಲ್ಲ ಎಡಕ್ಕೆ ಒರಗುತ್ತದೆ; ಅದಕ್ಕೇ ಆ ತಿರುವಿನಲ್ಲಿ ಮಾತ್ರ ಸದ್ದು. ಇಷ್ಟು ಸರಳವಾದದ್ದು ಶನಿವಾರ ನನಗಾಗಲಿ, ಕುರ್ಚಿಯಲ್ಲಿ ಕೂತಿದ್ದ ವಿದ್ವತ್ತಿಗಾಗಲಿ, ಧೋತಿಯುಟ್ಟಿದ್ದ ಅನುಭವಕ್ಕಾಗಲಿ ಹೊಳೆದಿರಲಿಲ್ಲ.

ಅಂದರೆ ಕಾರನ್ನು ರಸ್ತೆಯಲ್ಲಿ, ಭಾರ ಹೊರಿಸಿ, ಓಡಿಸುತ್ತಲೇ ಸದ್ದು ಹಿಡಿಯಬೇಕು. ಆಸಿಲೋಸ್ಕೋಪಿಗೆ ಗೋಡೆಯ ಕರೆಂಟೇ ಬೇಕು, ಅದು ಕಾರಿನಲ್ಲಿ ನಡೆಯುವುದಿಲ್ಲ. ಆದರೆ ನಮ್ಮ ಪ್ರಯೋಗಾಲಯದಲ್ಲಿ ಬ್ಯಾಟರಿಯಿಂದ ನಡೆಯುವ ಟೇಪ್ ರೆಕಾರ್ಡರ್ ಒಂದಿತ್ತು. ರಸ್ತೆಯಲ್ಲಿ ಧ್ವನಿಮುದ್ರಿಸಿ, ಆಮೇಲೆ ಆ ಟೇಪನ್ನು ಆಸಿಲೋಸ್ಕೋಪಿಗೆ ಉಣಿಸಿದರಾಯಿತು. ಉಳಿದದ್ದು ಒಂದೇ ತೊಡಕು: ಹಿಂದಿನ ಎಡ ಚಕ್ರದ ಮೇಲೆ, ಅಂದರೆ ಹಿಂದಿನ ಸೀಟಿನ ಎಡಗಡೆ, ಒಳ್ಳೆಯ ಭಾರ ಬೇಕು. ಇದನ್ನು ಪದ್ಮಕ್ಕನಿಗೆ ಹೇಗೆ ಹೇಳುವುದು? ಕಾರು ಹತ್ತುವುದಿಲ್ಲವೆಂದು ಆಣೆಯಿಟ್ಟವರು ಬೇರೆ. ನಾನು ಎಡಗಡೆ ಗಾಳಿ ಚೆನ್ನಾಗಿ ಬರುತ್ತದೆ ಎಂದೆ, ರೆಕಾರ್ಡರನ್ನು ಭದ್ರವಾಗಿ ಹಿಡಿದುಕೊಳ್ಳುವವರು ಬೇಕು ಎಂದೆ, ಅವರ ಕೈ ಬಹಳ ಸ್ಥಿರ ಎಂದೂ ಸೇರಿಸಿದೆ.

ಪದ್ಮಕ್ಕ ನನ್ನನ್ನೇ ನೋಡುತ್ತ ಕೇಳಿಸಿಕೊಂಡು, "ಮರಳಿನ ಮೂಟೆ ಸಿಗಲಿಲ್ವೇನೇ?" ಎಂದರು. ಆಮೇಲೆ ಆ ನಗು ಬಂತು, ಪಾತ್ರೆಗಳು ಅದುರಿದವು. ಊರೊಳಗೆ ನಿಧಾನವಾಗಿ ಓಡಿಸುವುದಾದರೆ ಬರುತ್ತೇನೆ, ಹೆದ್ದಾರಿಗೆ ಬರುವುದಿಲ್ಲ ಎಂದು ತಮ್ಮ ಆಣೆಗೆ ತಾವೇ ಒಂದು ಉಪವಿಧಿ ಸೇರಿಸಿಕೊಂಡರು.

ಹಳ್ಳ, ಟ್ರಾಮಿನ ಹಳಿ, ಅಗೆದು ಬಿಟ್ಟ ಗುಂಡಿ ಇಲ್ಲದ ರಸ್ತೆ ಆ ಕಾಲದ ಕಲ್ಕತ್ತೆಯಲ್ಲಿ ಅಪರೂಪ. ಮೈದಾನವನ್ನು ದಾಟಿ ಖಿದಿರ್‌ಪುರದ ಕಡೆಗೆ ಹೋಗುವಲ್ಲಿ ಅಂಥದೊಂದು ತುಣುಕಿತ್ತು, ಬಲಕ್ಕೆ ನಿಧಾನವಾಗಿ ಬಾಗುವ ತಿರುವೂ ಇತ್ತು. ರೆಕಾರ್ಡರ್ ತಂದ ಮರುದಿನ ಬೆಳಗ್ಗೆ, ಬಂದರಿನ ಲಾರಿಗಳು ಹೊರಡುವ ಮೊದಲೇ ಹೋದೆವು. ಮೈಕಿಗೆ ಗಾಳಿ ಬಡಿಯದಿರಲೆಂದು ಮಗಳ ಮಂಕಿ ಟೋಪಿಯನ್ನು ತೊಡಿಸಿ ಚಕ್ರದ ಬುಡಕ್ಕೆ ಕಟ್ಟಿದೆ. ಚಳಿಗಾಲದಲ್ಲಿ ಬಂಗಾಳದ ತಲೆಗಳನ್ನೆಲ್ಲ ರಕ್ಷಿಸುವ ಆ ಟೋಪಿ ವಿಜ್ಞಾನವನ್ನೂ ರಕ್ಷಿಸಿತು. ರಾಘವ ಕಾರು ನಡೆಸಿದರು. ಪದ್ಮಕ್ಕ ಎಡಗಡೆ ಕೂತು, ತೊಡೆಯ ಮೇಲೆ ರೆಕಾರ್ಡರನ್ನು ಮಗುವಿನ ಹಾಗೆ ತಬ್ಬಿಕೊಂಡು, ನಾನು ಸನ್ನೆ ಮಾಡಿದಾಗ ಗುಂಡಿ ಒತ್ತಿದರು. ಯಾರೂ ಉಸಿರೆತ್ತಬಾರದೆಂದು ಹೇಳಿದ್ದೆ; ಅವರು ನಿಜಕ್ಕೂ ಉಸಿರು ಹಿಡಿದಿದ್ದರೆಂದು ಕಾಣುತ್ತದೆ, ತಿರುವು ಮುಗಿದಾಗ ಮುಖ ಕೆಂಪಾಗಿತ್ತು. ಮತ್ತೆ ಮೈಕನ್ನು ಬಲ ಚಕ್ರಕ್ಕೆ ಕಟ್ಟಿ ಅದೇ ತಿರುವನ್ನು ಇನ್ನೊಮ್ಮೆ ಸುತ್ತಿದೆವು.

ಆ ಸಂಜೆ ಪ್ರಯೋಗಾಲಯದಲ್ಲಿ ಬಲ ಚಕ್ರದ ಟೇಪು ಓಡಿಸಿದೆ. ಹುಲ್ಲಿನಂಥ ಹಸಿರು ಗೆರೆ, ಶನಿವಾರ ಕಂಡದ್ದೇ. ಎಡ ಚಕ್ರದ ಟೇಪು ಹಾಕಿದೆ. ಮೊದಲಿಗೆ ಅದೇ ಹುಲ್ಲು. ಕಾರು ತಿರುವಿಗೆ ಬಂದಂತೆ ಹುಲ್ಲಿನ ನಡುವಿನಿಂದ ಮುಳ್ಳುಗಳು ಎದ್ದವು. ಎತ್ತರದ, ಮೊನಚಾದ, ಒಂದೇ ಅಂತರದ ಮುಳ್ಳುಗಳು. ಕಾರಿನ ವೇಗ ಹೆಚ್ಚಿದಂತೆ ಅವು ಒಂದಕ್ಕೊಂದು ಹತ್ತಿರ ಸರಿದವು, ವೇಗ ಇಳಿದಂತೆ ದೂರ ಸರಿದವು. ರಸ್ತೆಯ ಕಲ್ಲಾಗಿದ್ದರೆ ಹೀಗೆ ಲೆಕ್ಕಬದ್ಧವಾಗಿ ಬರುತ್ತಿರಲಿಲ್ಲ. ಚಕ್ರದ ಜೊತೆ ತಿರುಗುವ ಯಾವುದೋ ಒಂದು ವಸ್ತು ಒಡೆದಿದೆ, ಸುತ್ತು ಬಂದಾಗಲೆಲ್ಲ ಆ ಒಡಕು ಬಡಿಯುತ್ತಿದೆ. ರಾಘವ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಗಾಜನ್ನೇ ನೋಡಿದರು. ಮತ್ತೊಮ್ಮೆ ಓಡಿಸು ಎಂದರು. ಓಡಿಸಿದೆ. "ಟಕ್ ಅನ್ನುತ್ತಲ್ಲ, ಅದೇನಾ ನೀನು ಹೇಳ್ತಿದ್ದದ್ದು?" ಎಂದರು. ಗೆರೆಯನ್ನು ಕಂಡ ಮೇಲೆ ಅವರಿಗೆ ಸದ್ದೂ ಕೇಳಿಸತೊಡಗಿತ್ತು. ಅಷ್ಟು ವಾರಗಳಿಂದ ಅದೇ ಕಾರಿನಲ್ಲಿ, ಅದೇ ಸದ್ದಿನ ಮುಂದೆ, ಎರಡು ಕಿವಿಗಳನ್ನಿಟ್ಟುಕೊಂಡು ಕೂತಿದ್ದವರು.

ಘೋಷಾಲ್ ಬಾಬು ಗೆರೆಗಳ ವರ್ಣನೆಯನ್ನು ಕೇಳಿ, ಒಲ್ಲದ ಮನಸ್ಸಿನಿಂದ ಚಕ್ರ ಬಿಚ್ಚಿಸಿದರು. ಒಳಗಿನ ಬೇರಿಂಗು ಬಿರುಕುಬಿಟ್ಟಿತ್ತು, ಅದರ ಗುಂಡುಗಳನ್ನು ಹಿಡಿದಿಡುವ ಬಳೆ ಒಂದು ಕಡೆ ಮುರಿದೇಹೋಗಿತ್ತು. ಅವರು ಅದನ್ನು ಅಂಗೈಯಲ್ಲಿಟ್ಟುಕೊಂಡು, ಮೊದಲ ಬಾರಿಗೆ ಮಾತಿಲ್ಲದೆ ನಿಂತರು. ಹೆದ್ದಾರಿಯ ಓಟಕ್ಕೆ ಇದು ತಡೆಯುತ್ತಿರಲಿಲ್ಲ, ಓಡುತ್ತಿರುವಾಗಲೇ ಚಕ್ರ ಸಿಕ್ಕಿಬೀಳುತ್ತಿತ್ತು ಎಂದು ಕೊನೆಗೆ ಹೇಳಿದರು. ಆಮೇಲೆ ರಾಘವರ ಕೈ ಹಿಡಿದು ಕುಲುಕಿ, ಎಂಥ ಅದ್ಭುತ ಯಂತ್ರ ತಂದಿರಿ ದಾದಾ ಎಂದರು.

ಯಂತ್ರವಂತೆ. ಮೊದಲ ಸಲ ಸುಳ್ಳು ಹೇಳಿದ ಯಂತ್ರ. ಎಲ್ಲಿ ಮೈಕು ಕಟ್ಟಬೇಕು, ಯಾವ ತಿರುವಿನಲ್ಲಿ ಗುಂಡಿ ಒತ್ತಬೇಕು ಎಂದು ಹೇಳಿಕೊಡದಿದ್ದರೆ ಇಂದಿಗೂ ಹುಲ್ಲು ತೋರಿಸುತ್ತ ಕೂತಿರುತ್ತಿದ್ದ ಯಂತ್ರ. ಪೂಜೆಯ ಪೆಂಡಾಲುಗಳಲ್ಲಿ ಸಿಕ್ಕ ಸ್ನೇಹಿತರಿಗೆಲ್ಲ ರಾಘವ ಅದರ ಮಹಿಮೆಯನ್ನು ವರ್ಣಿಸಿದರು. ಮುಖ್ಯಸ್ಥರು ತಮ್ಮ ಪ್ರಯೋಗಾಲಯದ ಸಮಾಜೋಪಯೋಗಿ ಕಾರ್ಯದ ಬಗ್ಗೆ ಮಾತಾಡಿದರು. ನಾನು ಹೇಳಿದಾಗ ಅದು ಒಂದು ಹೆಂಗಸಿನ ಕಿರಿಕಿರಿಯಾಗಿತ್ತು. ಗಾಜು ಹೇಳಿದಾಗ ಅದು ಜ್ಞಾನವಾಯಿತು. ನನ್ನನ್ನು ಯಾರೂ ಹೊಗಳಲಿಲ್ಲವೆಂಬುದಕ್ಕಲ್ಲ ನನ್ನ ಸಿಟ್ಟು. ನೀನು ಹೇಳಿದ್ದೆ, ನಾವು ನಂಬಬೇಕಿತ್ತು ಎಂಬ ಒಂದು ಮಾತು, ಒಂದೇ ಮಾತು, ಯಾರ ಬಾಯಿಂದಲೂ ಬರಲಿಲ್ಲ. ಬೇರಿಂಗು ಬದಲಾಯಿತು, ಅಭ್ಯಾಸ ಬದಲಾಗಲಿಲ್ಲ.

ದೀಘಾಕ್ಕೆ ಹೋದೆವು. ಕಾರು ತನ್ನ ಹಳೆಯ ಸದ್ದುಗಳೊಂದಿಗೆ ನಿರಾತಂಕವಾಗಿ ಓಡಿತು. ಮಕ್ಕಳು ಅಪ್ಪನ ಜೊತೆ ನೀರಿಗಿಳಿದಿದ್ದಾಗ ನಾನೂ ಪದ್ಮಕ್ಕನೂ ದಂಡೆಯುದ್ದಕ್ಕೂ ನಡೆಯುತ್ತಿದ್ದೆವು. ಅವರು ನಡುವೆ ನಿಂತು, ಬಲಪಕ್ಕೆಯ ಕೆಳಗೆ ಕೈಯೊತ್ತಿ, ಕಣ್ಣು ಮುಚ್ಚಿಕೊಂಡರು. ಏನೆಂದು ಕೇಳಿದೆ. ಏನಿಲ್ಲ ಬಾ ಎಂದರು. ನಾನು ಅಲ್ಲೇ ನಿಂತು ಮತ್ತೆ ಕೇಳಿದೆ. ಆಗ ಹೇಳಿದರು: ಊಟವಾದ ಮೇಲೆ ಅಲ್ಲೊಂದು ನೋವು ಏಳುತ್ತದೆ, ಬೆನ್ನಿನಿಂದ ಬಲಭುಜದವರೆಗೆ ಏರುತ್ತದೆ, ವರ್ಷಗಳಾದವು. ಮನೆಯಲ್ಲಿ ಗಂಡನಿಗೆ ಹೇಳಿದರೆ ವಾಯು ಅನ್ನುತ್ತಾರೆ. ತಮ್ಮನಿಗೆ ಕಾಗದದಲ್ಲಿ ಬರೆದರೆ ಓಮದ ನೀರು ಕುಡಿ ಎಂದು ಉತ್ತರ ಬರುತ್ತದೆ. ಮಕ್ಕಳು ತಿನ್ನುವುದು ಕಡಿಮೆ ಮಾಡಮ್ಮ ಅನ್ನುತ್ತಾರೆ. ಊರಿನ ವೈದ್ಯರು ಈ ಮೈಯಲ್ಲಿ ಎಲ್ಲಿ ಅಂತ ಹುಡುಕಲಿ ಎಂದು ನಕ್ಕು ಸೋಡಾ ಕೊಟ್ಟು ಕಳಿಸಿದ್ದರು. "ಈಗೀಗ ನಂಗೇ ಅನುಮಾನ ಬಂದುಬಿಟ್ಟಿದೆ ಕಣೇ, ನಿಜವಾಗ್ಲೂ ನೋಯುತ್ತಾ ಇಲ್ವಾ ಅಂತ," ಎಂದರು.

"ನೋಯ್ತದ ಅಂದ್ರ ನೋಯ್ತದ್ರೀ ಅಕ್ಕಾ," ಎಂದೆ. ನಾನು ಆ ದೋಸೆಯ ಬೆಳಗ್ಗೆಯ ಋಣ ತೀರಿಸಲೆಂದು ಹೇಳಿದ್ದಲ್ಲ. ಅವರ ಮುಖ ನೋಡಿದರೆ ಬೇರೇನೂ ಹೇಳಲು ಸಾಧ್ಯವಿರಲಿಲ್ಲ.

ಮರಳಿದ ಮೇಲೆ ಲೇಕ್ ಗಾರ್ಡನ್ಸ್‌ನ ನಮ್ಮ ವೈದ್ಯರ ಹತ್ತಿರ ಕರೆದೊಯ್ದೆವು. ಅವರು ಪದ್ಮಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ರಾಘವರ ಕಡೆ ತಿರುಗಿ, ಇವರಿಗೆ ಏನು ತೊಂದರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ರಾಘವ, ಸ್ವಲ್ಪ ಗ್ಯಾಸಿನ ತೊಂದರೆ ಇರಬಹುದು ಎಂದು ಶುರುಮಾಡಿದರು. ನಾನು ನಡುವೆ ಬಾಯಿ ಹಾಕಿ, ನೋವು ಅವರದು ಡಾಕ್ಟರೇ, ಅವರನ್ನೇ ಕೇಳಿ, ಅವರಿಗೆ ಬರುವುದು ಕನ್ನಡ, ನಾನು ಹೇಳುತ್ತೇನೆ ಎಂದೆ. ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಬಂದಿರಬೇಕು, ಹೊರಗೆ ಕಾಯುತ್ತಿದ್ದವರು ಪರದೆ ಸರಿಸಿ ನೋಡಿದರು. ಪದ್ಮಕ್ಕ ಮೊದಲು ತಮ್ಮನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಹೇಳತೊಡಗಿದರು. ಎಲ್ಲಿಂದ ಏಳುತ್ತದೆ, ಎಲ್ಲಿಗೆ ಹೋಗುತ್ತದೆ, ಏನು ತಿಂದರೆ ಹೆಚ್ಚು, ಹೇಗೆ ಮಲಗಿದರೆ ಕಡಿಮೆ. ನಾನು ಒಂದು ಮಾತನ್ನೂ ಬಿಡದೆ, ನನ್ನದೊಂದು ಮಾತನ್ನೂ ಸೇರಿಸದೆ, ಒಂದೊಂದಾಗಿ ದಾಟಿಸಿದೆ. ವೈದ್ಯರು ಪೆನ್ನು ಕೆಳಗಿಟ್ಟು ಕೇಳಿದರು. ಪರೀಕ್ಷಿಸಿ, ಎಕ್ಸ್-ರೇ ತೆಗೆಸಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ, ಬಹಳ ಕಾಲದ್ದಾಗಿರಬೇಕು, ಇನ್ನು ತಡ ಮಾಡುವಂತಿಲ್ಲ ಎಂದರು. ಆ ಚಳಿಗಾಲದಲ್ಲೇ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಅವರು ಚೆನ್ನಾಗಿ ಚೇತರಿಸಿಕೊಂಡರು. ನನ್ನ ಸಾರಿನ ಪುಡಿಗೆ ಪ್ರಾಯಶ್ಚಿತ್ತ ಇನ್ನೂ ಎಷ್ಟೋ ವರ್ಷ ನಡೆಯಿತು.

ಆದರೆ ಅದೆಲ್ಲ ಆಮೇಲಿನದು. ಅಂದು ವೈದ್ಯರು ಕಲ್ಲುಗಳ ವಿಷಯ ಹೇಳಿದ ಮೇಲೆ ನಾವು ಮೂವರೂ ಮೆಟ್ಟಿಲಿಳಿದು ಬೀದಿಗೆ ಬಂದೆವು. ರಾಘವರ ಮುಖ ಬಿಳಿಚಿಕೊಂಡಿತ್ತು. ಅವರು ಅಕ್ಕನ ಕೈ ಹಿಡಿದುಕೊಂಡು, "ಇಷ್ಟು ವರ್ಷ ನೋವು ಇಟ್ಕೊಂಡು ಒಂದು ಮಾತು ಹೇಳಬಾರದೇನಕ್ಕಾ?" ಎಂದರು.

ಪದ್ಮಕ್ಕ ಅವರನ್ನು ಗದರಲಿಲ್ಲ. ರಸ್ತೆಯ ಆಚೆ ಬರುತ್ತಿದ್ದ ರಿಕ್ಷಾಕ್ಕೆ ಕೈ ಮಾಡುತ್ತ, ಇಷ್ಟೇ ಹೇಳಿದರು:

"ಹೇಳಿದ್ನಲ್ಲೋ."